ನಡುಹೊಳೆಯಲ್ಲಿ ನಿಲ್ಲುವ ಇಂಜಿನ್

ನಮ್ಮ ಮನೆಯ ಜಗಲಿಯಲ್ಲಿ ಕುರ್ಚಿಗಿಂತ ಮೊದಲು ಇಂಜಿನ್ನಿಗೆ ಜಾಗ ಆಗಿತ್ತು. ಎರಡು ಅಡಿಕೆ ಮರದ ತುಂಡು ನಿಲ್ಲಿಸಿ, ನಡುವೆ ಹಲಸಿನ ಹಲಗೆ ಹೊಡೆದು ಅಪ್ಪ ಅದಕ್ಕೊಂದು ಆಸನ ಮಾಡಿದ್ದರು. ಸಂಜೆ ಕಡವಿನಲ್ಲಿ ಜನರನ್ನು ಹೊಳೆ ದಾಟಿಸುವ ಕೆಲಸ ಮುಗಿದ ಮೇಲೆ ದೋಣಿಯನ್ನು ದಡದ ಮರಕ್ಕೆ ಕಟ್ಟಿ, ಅದರ ಹಿಂದೆ ಸಿಕ್ಕಿಸಿದ ಇಂಜಿನ್ನನ್ನು ಬಿಚ್ಚಿ ಹೆಗಲ ಮೇಲೆ ಹೊತ್ತು ಮನೆಗೆ ತರುತ್ತಿದ್ದರು. ದೋಣಿಯನ್ನು ಯಾರೂ ಕದಿಯುವುದಿಲ್ಲ, ಇಂಜಿನ್ನನ್ನು ಯಾರೂ ಬಿಡುವುದಿಲ್ಲ ಎನ್ನುವುದು ಅವರ ಲೆಕ್ಕ. ನೆಂಟರು ಬಂದರೆ ಚಾಪೆ ಹಾಸುತ್ತಿದ್ದೆವು. ನೆಂಟರು ಕೂತು, ಇಂಜಿನ್ನನ್ನು ನೋಡಿ, ಮೂಗಿಗೆ ಸೆರಗು ಹಿಡಿದು ಚಾ ಕುಡಿಯುತ್ತಿದ್ದರು.

ಬಂಟ್ವಾಳದಿಂದ ಫರಂಗಿಪೇಟೆಯ ಕಡೆಗೆ ಇಳಿಯುವಾಗ ನೇತ್ರಾವತಿ ಅಗಲವಾಗುವ ಜಾಗದಲ್ಲಿ ಒಂದು ಕುದ್ರು ಉಂಟು. ಸುತ್ತ ನೀರು, ನಡುವೆ ತೆಂಗಿನ ತೋಟ, ಕೆಲವು ಮನೆಗಳು. ಬೇಸಿಗೆಯಲ್ಲಿ ನೀರು ಇಳಿದಾಗ ಕುದ್ರುವಿನವರು ಮರಳಿನ ಚೀಲ ಜೋಡಿಸಿ, ಅಡಿಕೆ ಮರ ಹಾಸಿ ಕಾಲುದಾರಿ ಮಾಡಿಕೊಳ್ಳುತ್ತಾರೆ. ಮಳೆ ಬಂದರೆ ಅದು ಕೊಚ್ಚಿ ಹೋಗುತ್ತದೆ. ಆಮೇಲೆ ಹಾಲು, ಅಕ್ಕಿ, ಗ್ಯಾಸ್ ಸಿಲಿಂಡರ್, ಶಾಲೆಯ ಮಕ್ಕಳು, ಜ್ವರ ಬಂದವರು, ಎಲ್ಲರೂ ಅಪ್ಪನ ದೋಣಿಯಲ್ಲೇ ದಾಟಬೇಕು. ಮೊದಲು ಅಪ್ಪ ಬಿದಿರಿನ ಜಲ್ಲ ಹಾಕಿ ದೋಣಿ ನಡೆಸುತ್ತಿದ್ದರು. ಹೆಗಲು ನೋಯಲು ಸುರುವಾದ ಮೇಲೆ ಕಡಲಿನ ಮೀನುಗಾರರೊಬ್ಬರು ಬಳಸಿ ಬಿಟ್ಟ ಇಂಜಿನ್ನನ್ನು ಕೊಂಡು ತಂದರು. ಕಂಪನಿಯ ಹೆಸರು ಬರೆದ ಜಾಗದಲ್ಲಿ ಬಣ್ಣವೇ ಇರಲಿಲ್ಲ. ಅದಕ್ಕೆ ಎಷ್ಟು ವಯಸ್ಸು ಎಂದು ಕೇಳಿದರೆ ಅಪ್ಪ, “ನಿನಗಿಂತ ದೊಡ್ಡದು, ಮರ್ಯಾದೆ ಕೊಡು” ಎನ್ನುತ್ತಿದ್ದರು.

ಅಮ್ಮ ಬೀಡಿ ಕಟ್ಟುತ್ತಾಳೆ. ಅಪ್ಪನ ದೋಣಿ, ಅಮ್ಮನ ಬೀಡಿ, ಎರಡೂ ಸೇರಿ ಮಗಳಾದ ನನ್ನನ್ನು ಮೂಡುಬಿದಿರೆಯ ಕಾಲೇಜಿಗೆ ಕಳಿಸಿದವು. ನಾನು ಬಿ.ಕಾಂ. ಮಾಡಿದ್ದೇನೆ. ಅಪ್ಪನ ಕಡೆಯಲ್ಲಿ, ಅಮ್ಮನ ಕಡೆಯಲ್ಲಿ, ಡಿಗ್ರಿ ಮಾಡಿದ ಮೊದಲ ಜನ ನಾನು. ಇದನ್ನು ಹೇಳುವಾಗ ನಾನು ತಲೆ ತಗ್ಗಿಸುವುದಿಲ್ಲ, ಸ್ವರವನ್ನೂ ತಗ್ಗಿಸುವುದಿಲ್ಲ. ಸಿದ್ಧಕಟ್ಟೆಯ ಮೇಲಾಗಿ ಹೋಗುವ ಬಸ್ಸಿನಲ್ಲಿ ಬಾಗಿಲ ಹತ್ತಿರ ನೇತಾಡಿಕೊಂಡು, ಒಂದು ಕೈಯಲ್ಲಿ ಪುಸ್ತಕ ಹಿಡಿದು ಓದಿದ ಡಿಗ್ರಿ ಅದು. ಈಗ ಮೂಡುಬಿದಿರೆಯಲ್ಲೇ ಒಂದು ಸಹಕಾರಿ ಸಂಘದಲ್ಲಿ ಕೆಲಸ. ಕೆಲಸ ಸಿಕ್ಕಿದ ದಿನದಿಂದ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ: ಇನ್ನು ಅಪ್ಪ ಇಂಜಿನ್ ಹೊರುವುದು ಬೇಡ.

ಹಾಗಾಗಿ ಕೆಲವು ವರ್ಷದ ಹಿಂದೆ ಒಂದು ಮೇ ತಿಂಗಳಲ್ಲಿ, ಮೊದಲ ಗುಡುಗು ಮಳೆಗೆ ಕಾಲುದಾರಿ ಕೊಚ್ಚಿ ಹೋದ ಮೇಲೆ, ಇಂಜಿನ್ ಹಾಳಾಯಿತು ಎಂದಾಗ ನನಗೆ ಬೇಜಾರಿಗಿಂತ ಹೆಚ್ಚು ಸಮಾಧಾನವೇ ಆಯಿತು.

ಅದು ಹಾಳಾದ ರೀತಿ ವಿಚಿತ್ರ. ದಡದಲ್ಲಿ ಹಗ್ಗ ಎಳೆದರೆ ಒಂದೇ ಎಳೆತಕ್ಕೆ ಹೊರಡುತ್ತಿತ್ತು. ಚೆನ್ನಾಗಿ ಹೋಗಿ, ಸರಿಯಾಗಿ ಹೊಳೆಯ ನಡುವೆ ಕೆಮ್ಮಿ ನಿಲ್ಲುತ್ತಿತ್ತು. ಅಪ್ಪ ಪೆಟ್ರೋಲ್ ಉಂಟಾ ಎಂದು ಟ್ಯಾಂಕಿನ ಮುಚ್ಚಳ ತೆಗೆದು ನೋಡುತ್ತಿದ್ದರು. ಪೆಟ್ರೋಲ್ ಇರುತ್ತಿತ್ತು. ಮುಚ್ಚಳ ಹಾಕಿ, ಸ್ವಲ್ಪ ಕಾದು ಹಗ್ಗ ಎಳೆದರೆ ಮತ್ತೆ ಹೊರಡುತ್ತಿತ್ತು. “ಅದಕ್ಕೆ ಬಿಸಿಯಾಗ್ತದೆ. ಒಂದು ಗಳಿಗೆ ವಿಶ್ರಾಂತಿ ಬೇಕು” ಎಂದು ಅಪ್ಪ ತೀರ್ಮಾನ ಮಾಡಿದ್ದರು. ಬೇಸಿಗೆಯ ಹೊಳೆಯಲ್ಲಿ ಒಂದು ಗಳಿಗೆ ತೇಲುವುದು ದೊಡ್ಡ ವಿಷಯ ಅಲ್ಲ. ಮಳೆಗಾಲದಲ್ಲಿ ಆ ಒಂದು ಗಳಿಗೆ ಸಾಕು. ಬೆಳ್ತಂಗಡಿಯ ಆಚೆ ಘಟ್ಟದಲ್ಲಿ ಮಳೆ ಹೊಡೆದರೆ ನಮ್ಮಲ್ಲಿ ಬಿಸಿಲಿದ್ದರೂ ಹೊಳೆ ಕೆಂಪಾಗಿ ಬರುತ್ತದೆ. ಇಂಜಿನ್ ಇಲ್ಲದ ದೋಣಿ ಆಗ ಯಾರ ಮಾತೂ ಕೇಳುವುದಿಲ್ಲ.

ಇದು ಕುದ್ರುವಿನವರಿಗೂ ಗೊತ್ತಿತ್ತು. ದಿನಾ ಹಾಲಿನ ಕ್ಯಾನ್ ಹಿಡಿದು ದಾಟುವ ಹಿರಿಯ ಹೆಂಗಸೊಬ್ಬರು ಇದ್ದರು. ಮನೆಮಾತು ಕೊಂಕಣಿ, ಅದರಲ್ಲಿ ಹಿರಿಯ ಹೆಂಗಸರಿಗೆ ಬಾಯಿ ಅನ್ನುತ್ತಾರೆ, ನಾವೆಲ್ಲ ಅವರನ್ನು ಹಾಗೆಯೇ ಕರೆಯುವುದು. ಒಂದು ದಿನ ದೋಣಿ ನಿಂತಾಗ ಬಾಯಿ ಹೇಳಿದರಂತೆ, “ನಿಮ್ಮ ಇಂಜಿನ್ ನನ್ನ ಗಂಡನ ಹಾಗೆ. ಮನೆಯಿಂದ ಹೊರಡುವಾಗ ದೊಡ್ಡ ಸ್ವರ, ಅರ್ಧ ದಾರಿಯಲ್ಲಿ ಮೌನ.” ಅಪ್ಪ ಇದನ್ನು ಮನೆಗೆ ಬಂದು ನಗುತ್ತಲೇ ಹೇಳಿದರು. ಆದರೆ ಮರುದಿನ ಕುದ್ರುವಿನ ಹಿರಿಯರೊಬ್ಬರು ಮನೆಗೇ ಬಂದರು. ಬಸ್ ಕಂಡಕ್ಟರಾಗಿದ್ದು ನಿವೃತ್ತರಾದವರು. ಕುದ್ರುವಿನ ವಾಟ್ಸಾಪ್ ಗುಂಪು ನಡೆಸುವವರೂ ಅವರೇ.

“ನೀವು ಬೇಜಾರು ಮಾಡಬೇಡಿ ಅಣ್ಣ” ಎಂದರು. “ಬಸ್ಸು ಹಾಳಾದರೆ ಇಳಿದು ಹಿಂದಿನ ಬಸ್ಸಿಗೆ ಹತ್ತಿ ಅಂತ ಹೇಳಬಹುದು. ಇಲ್ಲಿ ಇಳಿದರೆ ಹೊಳೆ. ಶಾಲೆ ಸುರುವಾಗುವ ಮೊದಲು ಇಂಜಿನ್ ಸರಿಯಾದರೆ ನೀವೇ. ಇಲ್ಲದಿದ್ದರೆ ಕೆಳಗಿನ ಕಡವಿನವರ ಹತ್ತಿರ ಮಾತಾಡ್ತೇವೆ. ಅವರದ್ದು ಹೊಸ ಇಂಜಿನ್ ಉಂಟು.”

ಅಪ್ಪ ಎದುರು ಮಾತಾಡಲಿಲ್ಲ. “ನಿಮ್ಮ ಮಕ್ಕಳು. ನೀವು ಕೇಳುವುದು ಸರಿ” ಎಂದರು.

ಅವರು ಹೋದ ಮೇಲೆ ನಾನು ನನ್ನ ಮಾತು ಹೇಳಿದೆ. “ಅಪ್ಪ, ಅವರು ಬೇರೆಯವರನ್ನು ಮಾಡಿಕೊಳ್ಳಲಿ. ನನಗೆ ಕೆಲಸ ಉಂಟಲ್ಲ. ನೀವು ಇನ್ನು ಆರಾಮಲ್ಲಿ ಕೂತುಕೊಳ್ಳಿ.”

“ಕೂತು ಎಂತ ಮಾಡುವುದು?”

“ಎಲ್ಲರ ಅಪ್ಪಂದಿರು ಎಂತ ಮಾಡ್ತಾರೆ?”

“ಎಲ್ಲರ ಅಪ್ಪಂದಿರ ವಿಷಯ ನನಗೆ ಗೊತ್ತಿಲ್ಲ. ನೀನು ಆಫೀಸಿಗೆ ಹೋಗ್ತಿ. ನಿನ್ನ ಅಮ್ಮ ಬೀಡಿ ಕಟ್ತಾಳೆ. ನಾನು ಈ ಇಂಜಿನ್ನಿನ ಪಕ್ಕದಲ್ಲಿ ಇನ್ನೊಂದು ಹಲಗೆ ಹೊಡೆದು ಜಗಲಿಯಲ್ಲಿ ನಿಲ್ಲುವುದಾ ಮಗಾ?”

ಅಮ್ಮ ತಲೆ ಎತ್ತದೆ ಎಲೆ ಕತ್ತರಿಸುತ್ತಿದ್ದಳು. ಆಮೇಲೆ ಮೆಲ್ಲ ಹೇಳಿದಳು, “ಫರಂಗಿಪೇಟೆಗೆ ತೆಗೆದುಕೊಂಡು ಹೋಗಿ.”

ಫರಂಗಿಪೇಟೆಯಲ್ಲಿ ಹೆದ್ದಾರಿಯಿಂದ ಸ್ವಲ್ಪ ಒಳಗೆ ಬ್ಯಾರಿ ಕಾಕ ಒಬ್ಬರ ವರ್ಕ್‌ಶಾಪ್ ಉಂಟು. ಸ್ಕೂಟರು, ನೀರಿನ ಪಂಪು, ಅಡಿಕೆಗೆ ಮದ್ದು ಬಿಡುವ ಪಂಪು, ಎಲ್ಲ ಅವರ ಕೈಯಲ್ಲಿ. ದೋಣಿಯ ಇಂಜಿನ್ ಗೊತ್ತಿರುವವರು ನಮ್ಮ ಕಡೆ ಅವರೊಬ್ಬರೇ, ಯಾಕೆಂದರೆ ಗಲ್ಫಿನ ಒಂದು ಬಂದರಿನಲ್ಲಿ ಅದೇ ಕೆಲಸ ಮಾಡಿ ಬಂದವರು. ಅಪ್ಪನೂ ಅವರೂ ಹಳೆಯ ದೋಸ್ತಿಗಳು. ಆಟೋದಿಂದ ಇಂಜಿನ್ ಇಳಿಸುವುದನ್ನು ನೋಡಿ ಕಾಕ, “ಇದನ್ನು ಇನ್ನೂ ಮಣ್ಣು ಮಾಡಲಿಲ್ಲವಾ ಮಾರಾಯ?” ಎಂದರು.

“ನಿನ್ನನ್ನು ಮಾಡಿದ ಮೇಲೆ ಮಾಡುವ ಅಂತ” ಎಂದರು ಅಪ್ಪ.

ಬಿಸಿಯಾಗಿ ನಿಲ್ಲುತ್ತದೆ ಎಂದು ಅಪ್ಪ ಹೇಳಿದ್ದರಿಂದ ಕಾಕ ಮೊದಲು ನೋಡಿದ್ದು ನೀರು ಎಳೆದು ಇಂಜಿನ್ನನ್ನು ತಂಪು ಮಾಡುವ ರಬ್ಬರಿನ ಚಕ್ರವನ್ನು. ಅದರ ಒಂದು ರೆಕ್ಕೆ ಮುರಿದಿತ್ತು. ಕಾರಣ ಸಿಕ್ಕಿತು ಎಂದು ಎಲ್ಲರಿಗೂ ಸಂತೋಷವಾಯಿತು. ಮಂಗಳೂರಿನ ಬಂದರಿನಿಂದ ಹೊಸ ಚಕ್ರ ತರಿಸಿ ಹಾಕಿದರು. ಇಂಜಿನ್ ಮತ್ತೆ ನಡುಹೊಳೆಯಲ್ಲಿ ನಿಂತಿತು. ಎರಡನೆಯ ಸಲ ಪ್ಲಗ್ ಬದಲಿಸಿದರು. ಮೂರನೆಯ ಸಲ ಕಾರ್ಬೊರೇಟರ್ ಬಿಚ್ಚಿದರು. ಅದರ ಒಂದು ಸಣ್ಣ ರಬ್ಬರ್ ಬಳೆ ಇಲ್ಲೆಲ್ಲೂ ಸಿಗದೆ, ಮೂಡುಬಿದಿರೆಯಲ್ಲಿ ಮದ್ದಿನ ಪಂಪಿನ ಸಾಮಾನು ಮಾರುವ ಅಂಗಡಿಯಲ್ಲಿ ಅಳತೆ ನೋಡಿ ತರುವ ಕೆಲಸ ನನ್ನ ಪಾಲಿಗೆ ಬಂತು. ಕಾರ್ಬೊರೇಟರನ್ನು ಬಟ್ಟೆಯಲ್ಲಿ ಸುತ್ತಿ ಬುತ್ತಿಯ ಚೀಲದಲ್ಲಿ ಇಟ್ಟು ಬಸ್ಸಿಗೆ ಹತ್ತಿದೆ. ಸಿದ್ಧಕಟ್ಟೆ ಬರುವಷ್ಟರಲ್ಲಿ ಬಸ್ಸಿನಲ್ಲಿ ಎಲ್ಲರೂ ಪೆಟ್ರೋಲ್ ವಾಸನೆ ಎಲ್ಲಿಂದ ಎಂದು ಹುಡುಕುತ್ತಿದ್ದರು. ಡ್ರೈವರ್ ಬಸ್ ನಿಲ್ಲಿಸಿ ಇಳಿದು ಟ್ಯಾಂಕ್ ನೋಡಿ ಬಂದ. ನಾನು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದೆ. ಆ ದಿನ ಮಧ್ಯಾಹ್ನ ಮಜ್ಜಿಗೆ ಅನ್ನಕ್ಕೂ ಪೆಟ್ರೋಲಿನದೇ ರುಚಿ.

ಪ್ರತಿ ಸಲವೂ ರಿಪೇರಿ ಆದ ಮೇಲೆ ಇಂಜಿನ್ನನ್ನು ನಮ್ಮ ಮನೆಯಲ್ಲೇ ಓಡಿಸಿ ನೋಡುತ್ತಿದ್ದೆವು. ಅದಕ್ಕೆ ನಮ್ಮದೇ ಒಂದು ಕ್ರಮ ಉಂಟು. ಹಿಂದೆ ಭತ್ತ ಬೇಯಿಸುತ್ತಿದ್ದ ದೊಡ್ಡ ಕೊಪ್ಪರಿಗೆ ಕೊಟ್ಟಿಗೆಯಲ್ಲಿ ಕವುಚಿ ಬಿದ್ದಿರುತ್ತದೆ. ಅದನ್ನು ಅಂಗಳಕ್ಕೆ ಉರುಳಿಸಿ, ಬಾವಿಯ ನೀರು ತುಂಬಿಸಿ, ಇಂಜಿನ್ನಿನ ಕಾಲು ಮುಳುಗುವ ಹಾಗೆ ಮೇಲೆ ಹಲಗೆಗೆ ಕಟ್ಟುವುದು. ಹಗ್ಗ ಎಳೆದರೆ ಕೊಪ್ಪರಿಗೆಯ ನೀರು ಕುದಿದ ಹಾಗೆ ತಿರುಗಿ ಅಂಗಳವೆಲ್ಲ ಒದ್ದೆ. ಕೋಳಿಗಳು ಕೊಟ್ಟಿಗೆಯ ಮಾಡಿಗೆ ಹಾರುತ್ತಿದ್ದವು. ಇಂಜಿನ್ ಒಂದು ಸಲವೂ ಕೆಮ್ಮದೆ ಓಡುತ್ತಿತ್ತು. ಕಾಕ ಕಿವಿ ಕೊಟ್ಟು ಕೇಳಿ, “ಹೀಗೆ ಹಾಡುವ ಇಂಜಿನ್ ನಾನು ಗಲ್ಫಿನಲ್ಲೂ ನೋಡಲಿಲ್ಲ” ಎನ್ನುತ್ತಿದ್ದರು. ಮರುದಿನ ಹೊಳೆಯ ನಡುವೆ ಅದು ಬಾಯಿ ಮುಚ್ಚುತ್ತಿತ್ತು.

ಶಾಲೆ ಸುರುವಾಗಲು ಕೆಲವೇ ದಿನ ಇದ್ದಾಗ ಕಾಕನಿಗೆ ರೋಸಿ ಹೋಯಿತು. “ಮನೆಯಲ್ಲಿ ಸರಿ ಇರ್ತದೆ, ಹೊಳೆಯಲ್ಲಿ ಸಾಯ್ತದೆ. ನಾನೂ ದೋಣಿಗೆ ಬರ್ತೇನೆ. ಅದು ಸಾಯುವುದನ್ನು ನಾನು ಕಣ್ಣಾರೆ ನೋಡಬೇಕು.”

ಅದು ಶನಿವಾರ. ನಾನೂ ಮನೆಯಲ್ಲಿದ್ದೆ. ಜಿಟಿಜಿಟಿ ಮಳೆ. ಅಪ್ಪ ಹಿಂದೆ ಇಂಜಿನ್ನಿನ ಹತ್ತಿರ, ನಾನು ನಡುವೆ, ಹಾಲು ಕೊಟ್ಟು ಖಾಲಿ ಕ್ಯಾನಿನೊಂದಿಗೆ ಮನೆಗೆ ಹೊರಟ ಬಾಯಿ ಮುಂದೆ. ಕಾಕ ಕೂತ ಹಲಗೆಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದರು.

“ಏನು ಕಾಕ, ಅಷ್ಟು ವರ್ಷ ದೋಣಿಗಳ ಜೊತೆಯೇ ಇದ್ದಿರಲ್ಲ” ಎಂದೆ.

“ಅಲ್ಲಿ ದೋಣಿಯನ್ನು ದಡಕ್ಕೆ ಎಳೆದು ತರ್ತಿದ್ದರು ಮಗಳೇ. ನಾನು ದಡದಲ್ಲೇ ಇದ್ದದ್ದು. ನನಗೆ ಈಜಲಿಕ್ಕೆ ಬರುದಿಲ್ಲ.”

“ಒಳ್ಳೆ ಡಾಕ್ಟರು. ರಕ್ತ ನೋಡಿದರೆ ತಲೆ ತಿರುಗುವವರು” ಎಂದರು ಬಾಯಿ.

ನಡುಹೊಳೆಗೆ ಬರುವಾಗ ಇಂಜಿನ್ ಕೆಮ್ಮಿತು. ಕಾಕ ಭಯ ಮರೆತು ಬಗ್ಗಿದರು. ದೋಣಿಯೊಳಗೆ ಬೇರೆಯೇ ಇಟ್ಟ ಟ್ಯಾಂಕಿನಿಂದ ಇಂಜಿನ್ನಿಗೆ ಹೋಗುವ ಪೈಪಿನ ನಡುವೆ ಕೈಯಿಂದ ಒತ್ತುವ ಒಂದು ರಬ್ಬರಿನ ಉಂಡೆ ಉಂಟು. ಅವರು ಅದನ್ನು ಮುಟ್ಟಿದರು. ಅದು ಯಾರೋ ತುಳಿದ ಹಾಗೆ ಚಪ್ಪಟೆಯಾಗಿತ್ತು. ಅವರ ಕಣ್ಣು ಪೈಪಿನ ಗುಂಟ ಟ್ಯಾಂಕಿಗೆ ಹೋಯಿತು, ಟ್ಯಾಂಕಿನಿಂದ ಮುಚ್ಚಳಕ್ಕೆ. ಮುಚ್ಚಳದ ಮೇಲೆ ದಪ್ಪ ಪ್ಲಾಸ್ಟಿಕ್ಕಿನ ಒಂದು ಟೊಪ್ಪಿ ಇತ್ತು. ಗೊಬ್ಬರದ ಚೀಲದ ಒಳಪದರವನ್ನು ದುಂಡಗೆ ಕತ್ತರಿಸಿ, ಸುತ್ತ ನೆರಿಗೆ ಹಿಡಿದು ಹೊಲಿದು, ಕೆಳಗೆ ಸೈಕಲ್ ಟ್ಯೂಬಿನ ಪಟ್ಟಿ ಕಟ್ಟಿ ಮಾಡಿದ್ದು. ಪಟ್ಟಿಯನ್ನು ಹಿಗ್ಗಿಸಿ ಟೊಪ್ಪಿ ತೆಗೆಯುವುದು ನಮಗೆ ಅಭ್ಯಾಸ, ಗಂಟನ್ನೇ ಬಿಚ್ಚಲು ಹೋದ ಕಾಕನ ಉಗುರಿಗೆ ಆಗಲಿಲ್ಲ. ಕಿಸೆಯಿಂದ ಚೂರಿ ತೆಗೆದು ಕೊಯ್ದರು.

ಮುಚ್ಚಳ ಉಸ್ಸೆಂದು ಉಸಿರು ಎಳೆದದ್ದು ನಮಗೆಲ್ಲರಿಗೂ ಕೇಳಿಸಿತು. ರಬ್ಬರಿನ ಉಂಡೆ ಮೆಲ್ಲ ಉಬ್ಬಿತು. ನಿಲ್ಲುವುದರಲ್ಲಿದ್ದ ಇಂಜಿನ್ ಸರಿಯಾದ ಸ್ವರಕ್ಕೆ ಬಂತು.

ವಿಷಯ ಇಷ್ಟೇ. ಟ್ಯಾಂಕಿನಿಂದ ಪೆಟ್ರೋಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು. ಅದಕ್ಕೆ ಮುಚ್ಚಳದಲ್ಲಿ ಒಂದು ತೂತು ಇರುತ್ತದೆ. ನಮ್ಮ ಊರಿನಲ್ಲಿ ಮಳೆಯ ಮೊದಲ ಹನಿ ಬಿದ್ದರೆ ಎಲ್ಲದಕ್ಕೂ ಪ್ಲಾಸ್ಟಿಕ್ ಬೀಳುತ್ತದೆ: ಫೋನಿಗೆ, ಸ್ಕೂಟರಿನ ಸೀಟಿಗೆ, ಒಣಮೆಣಸಿನ ಡಬ್ಬಕ್ಕೆ, ಬಸ್ ಪಾಸಿಗೆ. ಪೆಟ್ರೋಲಿಗೆ ನೀರು ಸೇರಬಾರದು ಎಂದು ಟ್ಯಾಂಕಿನ ಮುಚ್ಚಳಕ್ಕೂ ಪ್ರತಿ ವರ್ಷ ಕಟ್ಟುತ್ತಿದ್ದೆವು. ಮೊದಲೆಲ್ಲ ಅಂಗಡಿಯ ತೆಳ್ಳಗಿನ ಪ್ಲಾಸ್ಟಿಕ್ ತೊಟ್ಟೆ ಕಟ್ಟುವುದು. ಅದು ಹೇಗೂ ಎರಡು ದಿನದಲ್ಲಿ ಹರಿದು ಗಾಳಿ ಬರುತ್ತಿತ್ತು. ತೊಟ್ಟೆ ಕೊಡುವುದನ್ನು ಅಂಗಡಿಯವರು ನಿಲ್ಲಿಸಿದ ಮೇಲೆ ಆ ವರ್ಷ ಅಮ್ಮ ಗಟ್ಟಿಯಾದದ್ದನ್ನು ಹೊಲಿದು ಕೊಟ್ಟಳು. ಮೇ ತಿಂಗಳ ಮೊದಲ ಗುಡುಗು ಮಳೆಗೆ. ಬೀಡಿ ಕಟ್ಟುವ ಕೈ. ಅವಳು ಕಟ್ಟಿದ್ದು ಸಡಿಲವಾಗುವುದಿಲ್ಲ. ಕೊಪ್ಪರಿಗೆಯ ಹತ್ತಿರ ಓಡಿಸುವಾಗ ಪೆಟ್ರೋಲ್ ಹಾಕಲು ಟೊಪ್ಪಿ ತೆಗೆದಿಡುತ್ತಿದ್ದೆವು. ಹೊಳೆಗೆ ಹೋಗುವಾಗ ನೆನಪಿನಿಂದ ಕಟ್ಟುತ್ತಿದ್ದೆವು. ನಡುಹೊಳೆಯಲ್ಲಿ ಅಪ್ಪ ಮುಚ್ಚಳ ತೆಗೆದು ನೋಡಿದಾಗ ಗಾಳಿ ಒಳಗೆ ಹೋಗಿ ಇಂಜಿನ್ ಮತ್ತೆ ಹೊರಡುತ್ತಿತ್ತು. ಕಣ್ಣೆದುರೇ ಇತ್ತು. ಮಳೆಗಾಲದಲ್ಲಿ ಪ್ಲಾಸ್ಟಿಕ್ ಯಾರ ಕಣ್ಣಿಗೂ ಬೀಳುವುದಿಲ್ಲ.

ಕಾಕ ಆ ಟೊಪ್ಪಿಯನ್ನು ತಿರುಗಿಸಿ ನೋಡಿ ಕೇಳಿದರು, “ಇದನ್ನು ಯಾರು ಮಾಡಿದ್ದು ಮಾರಾಯ?”

“ನಾನು” ಎಂದರು ಅಪ್ಪ.

ನಾನು ಅಪ್ಪನ ಮುಖ ನೋಡಿದೆ. ಬಾಯಿ ಕ್ಯಾನಿನ ಮೇಲೆ ಕೈ ಇಟ್ಟುಕೊಂಡು ಆ ಹೊಲಿಗೆಯನ್ನು ನೋಡಿದರು, ಅಪ್ಪನ ದಪ್ಪ ಬೆರಳುಗಳನ್ನು ನೋಡಿದರು.

ಮರುದಿನ, ಭಾನುವಾರ, ಕುದ್ರುವಿನವರೆಲ್ಲ ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ಬಂದ ಮೇಲೆ ಕಂಡಕ್ಟರರ ಅಂಗಳದಲ್ಲಿ ಸೇರುವುದೆಂದು ಆಗಿತ್ತು. ಹೋಗುವಾಗ ದಾರಿಯಲ್ಲಿ ನಾನು ಅಪ್ಪನಿಗೆ ಹೇಳಿದೆ, “ಕಾರ್ಬೊರೇಟರ್ ಹಾಳಾಗಿತ್ತು, ಸರಿಯಾಯಿತು ಅಂತ ಹೇಳಿ. ಅದೂ ರಿಪೇರಿ ಮಾಡಿದ್ದು ನಿಜವೇ ಅಲ್ಲವಾ?”

“ಅವರ ಮಕ್ಕಳು ಕೂತುಕೊಳ್ಳುವ ದೋಣಿ. ಯಾಕೆ ನಿಂತಿತು ಅಂತ ಅವರಿಗೆ ಗೊತ್ತಾಗಬೇಕು.”

“ಹಾಗಾದರೆ ಯಾರು ಹೊಲಿದದ್ದು ಅಂತಲೂ ಹೇಳಿ.”

“ಅದು ಅವರಿಗೆ ಬೇಡದ ವಿಷಯ.”

ಅಪ್ಪ ಅಂಗಳದಲ್ಲಿ ನಿಂತು ಎಲ್ಲವನ್ನೂ ಹೇಳಿದರು. ಎಷ್ಟು ಸಲ ರಿಪೇರಿ ಆಯಿತು, ಯಾವುದು ಬೇಕಿರಲಿಲ್ಲ, ಟೊಪ್ಪಿ ಹೇಗೆ ಉಸಿರು ಕಟ್ಟಿಸಿತು. ತಾನೇ ಕಟ್ಟಿದ್ದು ಎಂದರು. ಮೊದಲು ಎಲ್ಲರೂ ನಕ್ಕರು. ಕಂಡಕ್ಟರ್, “ಅಂದರೆ ಬಸ್ಸು ಸರಿ ಇತ್ತು, ಡ್ರೈವರೇ ಬ್ರೇಕ್ ಒತ್ತಿ ಹಿಡಿದಿದ್ದ” ಎಂದರು. ಅಪ್ಪನೂ ನಕ್ಕರು.

ಆಗ ಒಬ್ಬ ಹೆಂಗಸು ಎದ್ದು ನಿಂತರು. ಅವರ ಮಗಳು ಆ ವರ್ಷ ಒಂದನೆಯ ಕ್ಲಾಸಿಗೆ. ಗಂಡ ಗಲ್ಫಿನಲ್ಲಿ. “ನನಗೆ ನಗು ಬರುದಿಲ್ಲ” ಎಂದರು. “ಇಂಜಿನ್ ಹಾಳಾದರೆ ಹೊಸ ಸಾಮಾನು ಹಾಕಬಹುದು. ಇಡೀ ತಿಂಗಳು ಕಣ್ಣೆದುರು ಇದ್ದದ್ದು ಕಾಣಲಿಲ್ಲ ಅಂದರೆ ಅದಕ್ಕೆ ಎಂತ ಹಾಕುವುದು? ನೀವು ಒಳ್ಳೆಯವರು ಅಣ್ಣ. ಆದರೆ ನನಗೆ ಹೆದರಿಕೆ ಆಗ್ತದೆ.”

ನನ್ನ ಮೈ ಉರಿಯಿತು. ನಾನು ಏನಾದರೂ ಹೇಳುವ ಮೊದಲೇ ಅಪ್ಪ, “ಅದೂ ಸರಿ” ಎಂದರು. ಆಕೆಯ ಕಡೆಗೆ ತಿರುಗಿ, “ನನಗೂ ಹಾಗೆಯೇ ಅನಿಸಿತು” ಎಂದರು.

ಕಾರ್ಬೊರೇಟರ್ ಎಂದಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ. ದೋಣಿಯಲ್ಲಿ ಹಿಂದೆ ಬರುವಾಗ ಇದನ್ನೇ ಹೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಅಪ್ಪ ಹೊಳೆಯನ್ನು ನೋಡುತ್ತಿದ್ದರು. ಅವರು ಅಷ್ಟು ವಯಸ್ಸಾದವರ ಹಾಗೆ ಕಂಡದ್ದು ಅದೇ ಮೊದಲು. ಇಂಜಿನ್ ಹೊರುವುದು ಬೇಡ ಎಂದು ನಾನು ಬಯಸಿದ್ದು ಈಗ ತಾನಾಗಿ ಆಗುವ ಹಾಗಿತ್ತು. ಅದು ಹೀಗೆ ಆಗುವುದು ನನಗೆ ಬೇಡವಾಗಿತ್ತು.

ಮನೆಗೆ ಬಂದರೆ ಅಮ್ಮ ಕೇಳಿದಳು, “ಟ್ಯಾಂಕಿನ ಟೊಪ್ಪಿ ಎಲ್ಲಿ?”

“ಗಾಳಿಗೆ ಹಾರಿ ಹೋಯಿತು” ಎಂದರು ಅಪ್ಪ.

“ನಾನು ಕಟ್ಟಿದ್ದು ಹಾರುದಿಲ್ಲ.”

ಆಮೇಲೆ ಅಪ್ಪ ಹೇಳಲೇಬೇಕಾಯಿತು. ಅಮ್ಮ ಬೀಡಿಯ ಮೊರವನ್ನು ಮಡಿಲಿನಿಂದ ಇಳಿಸದೆ ಕೇಳಿದಳು. ಒಂದು ಬೀಡಿ ಕಟ್ಟಿ, ನೂಲು ಕಡಿದು, “ಕಬ್ಬಿಣಕ್ಕೂ ಉಸಿರು ಬೇಕು ಅಂತ ನನಗೆ ಯಾರು ಹೇಳಿದ್ದರು?” ಎಂದಳು. ಎದ್ದು ಅಡುಗೆಮನೆಗೆ ಹೋಗಿ ಒಂದು ತೆಂಗಿನ ಗೆರಟೆ ತಂದು ಮುಚ್ಚಳದ ಮೇಲೆ ಕವುಚಿ ಇಟ್ಟಳು. ಮಳೆ ಹೊರಗೆ ಜಾರುತ್ತದೆ, ಗಾಳಿ ಒಳಗೆ ಹೋಗುತ್ತದೆ. “ಇದಾದರೆ ಆದೀತಾ?” ಎಂದಳು. ಅಪ್ಪ ಆದೀತು ಎಂದರು.

ಶಾಲೆ ಸುರುವಾದ ದಿನ ನಾನು ಆಫೀಸಿಗೆ ಅರ್ಧ ದಿನ ರಜೆ ಹಾಕಿ ಅಪ್ಪನ ಜೊತೆ ಹೋದೆ. ಘಟ್ಟದಲ್ಲಿ ಮಳೆ ಬಿದ್ದು ಹೊಳೆ ಕೆಂಪಾಗಿತ್ತು. ಕುದ್ರುವಿನ ದಡದಲ್ಲಿ ಕೆಳಗಿನ ಕಡವಿನವರ ದೋಣಿಯೂ ಬಂದು ನಿಂತಿತ್ತು, ಹೊಸ ಇಂಜಿನ್ ಮಿಂಚುತ್ತಾ. ಮಕ್ಕಳು ಲೈಫ್ ಜಾಕೆಟ್ ಹಾಕಿ, ಬೆನ್ನಿಗೆ ಚೀಲ ಏರಿಸಿ ಸಾಲಾಗಿ ನಿಂತಿದ್ದರು. ಯಾವ ದೋಣಿಗೆ ಎಂದು ಯಾರೂ ಹೇಳಲಿಲ್ಲ.

ಬಾಯಿ ಕ್ಯಾನ್ ಹಿಡಿದು ಬಂದು ನಮ್ಮ ದೋಣಿಯಲ್ಲಿ ಕೂತರು. ಕಂಡಕ್ಟರ್ ಒಂದು ಕ್ಷಣ ಯೋಚಿಸಿ, “ಮೊದಲ ಟ್ರಿಪ್ ದೊಡ್ಡವರು. ಹೋಗಿ ಬಂದರೆ ಮಕ್ಕಳು” ಎಂದು ತಾವೂ ಹತ್ತಿದರು. ಹೆದರಿಕೆ ಆಗ್ತದೆ ಎಂದಿದ್ದ ಆ ಮಗುವಿನ ತಾಯಿಯೂ ಮಗಳನ್ನು ದಡದಲ್ಲಿ ಬಿಟ್ಟು ಹತ್ತಿದರು. ಆಕೆ ಟ್ಯಾಂಕಿನ ಪಕ್ಕದಲ್ಲೇ ಕೂತರು. ನಡುಹೊಳೆ ಬಂತು, ಹೋಯಿತು. ಬಾಯಿಯನ್ನು ಈ ದಡದಲ್ಲಿ ಇಳಿಸಿ ಹಿಂದೆ ಹೋದೆವು. ಇಂಜಿನ್ ನಿಲ್ಲಲಿಲ್ಲ.

ಕುದ್ರುವಿಗೆ ಮುಟ್ಟಿದ ಮೇಲೆ ಆಕೆ ಇಳಿದು ಮಗಳ ಕೈ ಹಿಡಿದು ಮತ್ತೆ ಹತ್ತಿದರು. “ನಾನೂ ಬರ್ತೇನೆ ಅಣ್ಣ. ದಿನಾ.”

“ಬನ್ನಿ” ಎಂದರು ಅಪ್ಪ. “ಜಾಗ ಉಂಟು.”

ಉಳಿದ ಮಕ್ಕಳೂ ಹತ್ತಿದರು. ಕೆಳಗಿನ ಕಡವಿನವರು, “ಬೇಕಾದರೆ ಫೋನ್ ಮಾಡಿ” ಎಂದು ದೋಣಿ ತಿರುಗಿಸಿದರು.

ಆಕೆ ಹೇಳಿದ ಹಾಗೆಯೇ ದಿನಾ ಬಂದರು. ಬೆಳಿಗ್ಗೆ ನಾನು ಬಸ್ಸಿಗೆ ಹೊರಡುವ ಹೊತ್ತಿಗೆ ದೋಣಿ ನಮ್ಮ ದಡಕ್ಕೆ ಮುಟ್ಟುತ್ತಿತ್ತು. ಆಕೆ ಟ್ಯಾಂಕಿನ ಪಕ್ಕದಲ್ಲಿ, ಕೊಡೆ ಮಡಿಲಲ್ಲಿ ಇಟ್ಟು, ಕಣ್ಣು ಮುಚ್ಚಳದ ಮೇಲೆ. ಅಪ್ಪ ಆಕೆಯ ಎದುರೇ ಒಂದು ಸಲ ಮುಚ್ಚಳ ಮುಟ್ಟಿ ನೋಡಿ ಆಮೇಲೆ ಹಗ್ಗ ಎಳೆಯುವುದನ್ನು ರೂಢಿ ಮಾಡಿಕೊಂಡರು. ನನಗೆ ಮೊದಮೊದಲು ಅದನ್ನು ನೋಡಲು ಆಗುತ್ತಿರಲಿಲ್ಲ. ಇಷ್ಟು ವರ್ಷ ಹೊಳೆ ದಾಟಿಸಿದವರನ್ನು ಪರೀಕ್ಷೆಗೆ ಕೂರಿಸಿದ ಹಾಗೆ ಅನಿಸುತ್ತಿತ್ತು. ಅಪ್ಪನಿಗೆ ಹಾಗೆ ಅನಿಸಿದ ಹಾಗೆ ಕಾಣಲಿಲ್ಲ. ಆಕೆ ಇಳಿಯುವಾಗ ಕೈ ಕೊಡುತ್ತಿದ್ದರು, ಹಿಂದೆ ಹೋಗುವಾಗ ಮಳೆಯ ವಿಷಯ ಮಾತಾಡುತ್ತಿದ್ದರು. ಜಗಳ ಆಡದೆ, ಒಪ್ಪಿಸಲು ಹೋಗದೆ, ದಿನಕ್ಕೊಂದು ಸಲ ದಾಟಿಸಿದರು, ಅಷ್ಟೆ. ನಾನು ಪರೀಕ್ಷೆ ಬರೆದು ಪಾಸಾದವಳು. ಈ ರೀತಿಯದ್ದನ್ನು ನಾನು ಬರೆದಿರಲಿಲ್ಲ.

ನಮ್ಮ ಆಟಿ ತಿಂಗಳ, ಆಷಾಢದ ಮಳೆ ಜೋರಾಗಿದ್ದ ಒಂದು ಬೆಳಿಗ್ಗೆ ದೋಣಿ ಬಂದಾಗ ಟ್ಯಾಂಕಿನ ಪಕ್ಕದಲ್ಲಿ ಮಗು ಮಾತ್ರ ಕೂತಿತ್ತು. ಆಚೆ ದಡದಲ್ಲಿ ಯಾರೂ ಕಾಣಲಿಲ್ಲ. ಅಪ್ಪ ಅವಳನ್ನು ಎತ್ತಿ ನನ್ನ ಪಕ್ಕ ಇಳಿಸುವಾಗ ಕೇಳಿದರು, “ಅಮ್ಮನಿಗೆ ಹುಷಾರಿಲ್ಲವಾ ಮಗಾ?”

“ಹುಷಾರುಂಟು” ಎಂದಳು ಅವಳು. “ಅಮ್ಮನಿಗೆ ದೋಸೆ ಹೊಯ್ಯಲಿಕ್ಕುಂಟು.”

ಅಪ್ಪ ಅವಳ ಕೊಡೆ ಬಿಡಿಸಿ ಕೈಗೆ ಕೊಟ್ಟು, ಮುಂದಿನ ಟ್ರಿಪ್ಪಿಗೆ ದೋಣಿ ತಿರುಗಿಸಿದರು.